ಭರಮಣ್ಣನೊಬ್ಬನಿಗಿಲ್ಲದ ಮಿತಿ

ಸಂಡೂರಿನ ಖಾಸಗಿ ಗಣಿ ಕಂಪನಿಯೊಂದರಲ್ಲಿ ಹತ್ತು ದೊಡ್ಡ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟಿದ್ದರು. ಗುಡ್ಡದ ಹೊಟ್ಟೆಯಲ್ಲಿ ಅದಿರು ಎಲ್ಲೆಲ್ಲಿದೆ ಎಂಬ ನಕ್ಷೆಗಳನ್ನು ಭೂವಿಜ್ಞಾನಿಗಳೆಲ್ಲ ಅವುಗಳಲ್ಲೇ ತೆಗೆಯಬೇಕು. ಒಬ್ಬರು ಆಸೆಗೆ ಬಿದ್ದು ಹತ್ತು ಜನರ ಕೆಲಸ ಹೇರಿದರೆ ಉಳಿದವರ ಪರದೆ ಕಲ್ಲಾಗುತ್ತಿತ್ತು. ಹಾಗಾಗದಂತೆ ಕಾಯುವವನು ಮರಿಯಮ್ಮನಹಳ್ಳಿಯ ಭರಮಣ್ಣ.

ಹತ್ತೊಂಬತ್ತು ವರ್ಷ ಅವನ ಆಯುಧ ಒಂದೇ, ಮೇಜಿನ ಫೋನು. ಹೆಚ್ಚು ಹೇರಿದವರು ಯಾರೆಂದು ನೋಡಿ, "ಸಾಹೇಬ್ರ, ಭಾಳ ಆತು, ಸ್ವಲ್ಪ ಇಳಸ್ರಿ" ಎನ್ನುವುದು. ಆ ದನಿಗೆ ದರೋಜಿ ಕಾಡಿನ ಕರಡಿಗಳೂ ಬಾಯಿಗಿಟ್ಟ ಜೇನನ್ನು ಕೆಳಗಿಡುತ್ತಿದ್ದವೆಂದು ಅವನೇ ಹೇಳಿಕೊಳ್ಳುತ್ತಿದ್ದ. ಹಿರಿಯ ಭೂವಿಜ್ಞಾನಿ ಲಿಂಗರಾಜ್ ದಿನವೂ ಅವನಿಗೆ ಚಹಾ ತರಿಸುತ್ತಿದ್ದದ್ದಂತೂ ನಿಜ.

ಆಮೇಲೆ ಹೊಸಪೇಟೆಯಿಂದ ಅರ್ಚಿತಾ ಕೆಲಸಕ್ಕೆ ಬಂದಳು. ಮೂರನೇ ವಾರಕ್ಕೆ, ಒಬ್ಬರಿಗೆ ಇಷ್ಟೇ ಎಂದು ಯಂತ್ರವೇ ತಡೆಯುವಂತೆ ಮಿತಿ ಬರೆದಿಟ್ಟಳು. ಭರಮಣ್ಣನ ಫೋನಿನ ಮೇಲೆ ಎರಡು ಲಾರಿ ಲೋಡು ಕೆಂಧೂಳು ಕೂತಿತು. ಲಿಂಗರಾಜರ ಚಹಾ ಅವಳ ಮೇಜಿಗೆ ಹೋಯಿತು. ಆ ಏಲಕ್ಕಿ ವಾಸನೆ ಮೂಗಿಗೆ ಬಡಿದಾಗ ಭರಮಣ್ಣನ ಹೊಟ್ಟೆಯಲ್ಲಿ ಎದ್ದ ಉರಿಯಿಂದ ಒಂದು ಉಕ್ಕಿನ ಕಾರ್ಖಾನೆ ನಡೆಸಬಹುದಿತ್ತು.

ಅವಳ ಮಿತಿ ಕೆಲಸಕ್ಕೆ ಬಾರದ್ದೆಂದು ತೋರಿಸಿಬಿಟ್ಟರೆ ಎಲ್ಲರೂ ಮತ್ತೆ ತನ್ನ ಕಡೆಗೇ ಬರುತ್ತಾರೆ ಎಂದುಕೊಂಡ. ಒಂದು ಮಧ್ಯಾಹ್ನ ತನ್ನ ಹೆಸರಿನಲ್ಲೇ ನಲವತ್ತು ನಕ್ಷೆ ಒಟ್ಟಿಗೆ ಹೇರಿದ. ಯಾವುದೂ ತಡೆಯಲಿಲ್ಲ. ಹತ್ತೂ ಯಂತ್ರ ಕೂತುಬಿಟ್ಟವು. ಫೋನು ಬಡಿದುಕೊಂಡಿತು. ಆಹಾ, ಎಂಥ ಇಂಪು!

"ಭರಮಣ್ಣಾ, ನಾಲ್ಕಕ್ಕ ನನ್ನ ವರದಿ ಹೋಗಬೇಕು. ಯಾರ್ರೀ ಅವ್ನು?" ಲಿಂಗರಾಜ್ ಕೂಗಿದರು.

"ನೋಡ್ತೀನ್ರಿ. ಮಿತಿ ಗಿತಿ ಎಲ್ಲ ಸುಳ್ಳು ನೋಡ್ರಿ," ಎಂದು ಫೋನಿಟ್ಟು ಅರ್ಚಿತಾಳ ಮೇಜಿಗೆ ಹೋದ. "ಏನವ್ವಾ, ನಿನ್ನ ಮಿತಿ ಎಲ್ಲಿ ಮಲಗೇತಿ?"

ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. "ಎಲ್ಲಾರಿಗೂ ಹಾಕೀನ್ರಿ ಸರ್. ನಿಮ್ಮ ಹೆಸರೊಂದ ಬಿಟ್ಟಿದ್ದೆ. ಇಷ್ಟು ವರ್ಷ ಇವನ್ನೆಲ್ಲ ಕಾದೋರಿಗೆ ನಾನು ಮಿತಿ ಹಾಕೋದಾ, ಅಂತ."

ಗಡಿಯಾರದಲ್ಲಿ ಮೂರೂವರೆ. ಭರಮಣ್ಣ ಕೂತು ನಲವತ್ತನ್ನೂ ನಿಲ್ಲಿಸಿದ. ಫೋನೆತ್ತಿದ.

"ಸಾಹೇಬ್ರ, ಅವ ನಾನ ರೀ."

"ನೀವಾ? ನಿಮಗ ಇಳಸ್ರಿ ಅಂತ ಯಾರು ಫೋನ್ ಮಾಡಬೇಕ್ರಿ ಮತ್ತ?"

ವರದಿ ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೋಯಿತು.

"ನನ್ನ ಹೆಸರೂ ಸೇರಿಸವ್ವಾ," ಎಂದ ಭರಮಣ್ಣ. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಅವಳು ಬರೆದು ಮುಗಿಸಿದಳು. ಆ ಬೆರಳುಗಳನ್ನೇ ನೋಡುತ್ತ ನಿಂತವನು, "ಭಾಳ ಜಲ್ದಿ ಬರೀತಿ ನೀ," ಎಂದ, ದೂರು ಕೊಟ್ಟ ಹಾಗೆ.