ಕಂಬಳಿಯೊಳಗಿನ ಮಧ್ಯಾಹ್ನ

ಬೀದರಿನ ಮಂಗಲಪೇಟೆಯಲ್ಲಿ ಬೆಳೆದ ಇವಾಂಜಲಿನಬಾಯಿಯವರಿಗೆ ಬಟ್ಟೆಯೆಂದರೆ ಮೊದಲು ನೆನಪಾಗುತ್ತಿದ್ದುದು ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ತಾಯಿಯ ಬಿಳಿ ಸೀರೆಗಳು. ತಾಯಿ ಮಿಷನ್ ಆಸ್ಪತ್ರೆಯ ನರ್ಸ್. ಗಂಜಿ ಹಾಕಿದ ಆ ಸೀರೆಗಳ ನಡುವೆ ನಿಂತರೆ ಮನೆ, ಬೀದಿ, ಚರ್ಚಿನ ಗೋಪುರ ಎಲ್ಲವೂ ಮಾಯವಾಗಿ, ಮೋಡದೊಳಗೆ ನಿಂತಂತೆ ಆಗುತ್ತಿತ್ತು.

“ಯಾಕ ಬರೇ ಬಿಳೀದೇ ಉಡ್ತಿ?” ಎಂದು ಒಮ್ಮೆ ಕೇಳಿದಾಗ ತಾಯಿ, “ಹೊಲಸ ಎಲ್ಲಿ ಕೂತದ ಅಂತ ಕಾಣ್ಬೇಕಲ್ಲವಾ, ಅದಕ್ಕ” ಎಂದಿದ್ದರು.

ಮೈಮೇಲಿನ ಪ್ರತಿಯೊಂದಕ್ಕೂ ಒಂದು ಕಾರಣವಿರುತ್ತದೆ, ಕೇಳಿದರೆ ಅದು ಸಿಗುತ್ತದೆ ಎಂಬುದು ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ೧೯೮೯ರ ಆಗಸ್ಟಿನಲ್ಲಿ ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದರು. ಅಲ್ಲಿ ಹನ್ನೊಂದು ವರ್ಷ, ಭಾಲ್ಕಿ ಪಟ್ಟಣದಲ್ಲಿ ಹದಿನಾಲ್ಕು ವರ್ಷ, ಆಮೇಲೆ ಔರಾದ ತಾಲ್ಲೂಕಿನ ಒಂದು ಸಣ್ಣ ಊರು. ಎಲ್ಲಿ ಹೋದರೂ ಎರಡನೆಯ ತರಗತಿಯ ‘ನಾವು ತೊಡುವ ಬಟ್ಟೆ’ ಎಂಬ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

ಆ ಪಾಠಕ್ಕೆ ಒಂದು ಚಿತ್ರಪಟವಿತ್ತು. ಅದರಲ್ಲಿ ಚಳಿಗಾಲವೆಂದರೆ ಸ್ವೆಟರ್ ತೊಟ್ಟ ಗುಲಾಬಿ ಕೆನ್ನೆಯ ಮಗು. ಅದರ ಹಿಂದೆ ಹಿಮದ ಬೆಟ್ಟ! ಔರಾದಿನಲ್ಲಿ ಹಿಮ ಬಿದ್ದುದನ್ನು ಕಂಡವರು ಯಾರು? ಅಚ್ಚು ಹಾಕಿಸಿದವರು ಒಂದು ಸಲವಾದರೂ ಈ ಕಡೆ ಬಂದು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ಇವಾಂಜಲಿನಬಾಯಿ ಆ ಬೆಟ್ಟದ ಮೇಲೆ ಕಂದು ಕಾಗದವನ್ನು ಅಂಟಿಸಿ ಅದನ್ನು ನಮ್ಮ ಕೆಂಪು ಮಣ್ಣಿನ ದಿಬ್ಬವನ್ನಾಗಿ ಮಾಡಿದ್ದರು. ಆದರೆ ಹಿಮವನ್ನು ಅನುಮಾನಿಸಿದ ಅವರು ಉಣ್ಣೆಯನ್ನು ಅನುಮಾನಿಸಿರಲಿಲ್ಲ.

೨೦೨೪ರ ಮಾರ್ಚ್ ತಿಂಗಳು. ಬಿಸಿಲಿಗೆಂದು ಶಾಲೆಯನ್ನು ಮುಂಜಾನೆಗೆ ಬದಲಿಸಿದ್ದರು. ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ ಬಾಯಿಯವರು ಕೇಳಿದರು: “ಉಣ್ಣಿ ಬಟ್ಟಿ ಯಾವಾಗ ಹಾಕ್ಕೋತೀವಿ?”

“ಚಳಿಗಾಲದಾಗ್ರೀ!” ಎಂದು ಹದಿನೇಳು ಮಕ್ಕಳು ಕೂಗಿದರು.

ಹದಿನೆಂಟನೆಯವಳು ಭಾಗ್ಯವಂತಿ. ಕುರಿ ಕಾಯುವ ಮಾಳಪ್ಪನ ಮೊಮ್ಮಗಳು, ಏಳು ವರ್ಷದವಳು. ಅವಳು ತಾನಾಗಿಯೇ ಎದ್ದು ನಿಂತು, “ಬ್ಯಾಸಿಗ್ಯಾಗ್ರೀ. ಬಿಸಲು ಹತ್ಬಾರ್ದಂತ್ರೀ” ಎಂದಳು.

ಫೈಜಲ ಎಂಬ ಹುಡುಗ ಬೆಂಚು ಬಡಿದ. “ಏ, ಇಕಿ ಸ್ವೆಟರ್ ಹಾಕ್ಕೊಂಡು ಐಸ್‌ಕ್ಯಾಂಡಿ ತಿಂತಾಳಂತ್ರೋ!”

ಇಡೀ ತರಗತಿ ನಕ್ಕಿತು. ಬಾಯಿಯವರೂ ನಕ್ಕರು. ಸ್ವಲ್ಪವೇ, ಆದರೂ ನಕ್ಕರು. “ತಪ್ಪವಾ ಅದು” ಎಂದು ಮುಂದಿನ ಪ್ರಶ್ನೆಗೆ ಹೋದರು.

ಅಂದಿನಿಂದ ಭಾಗ್ಯವಂತಿ ಮಾತು ಬಿಟ್ಟಳು. ಹಾಜರಿ ಕರೆದರೆ ಕೈ ಎತ್ತುವಳು, ಅಷ್ಟೇ. ಓದಲು ಹೇಳಿದರೆ ಪುಸ್ತಕವನ್ನೇ ನೋಡುತ್ತ ನಿಲ್ಲುವಳು. ಒಂಬತ್ತನೆಯ ದಿನ ಮಾಳಪ್ಪ ಶಾಲೆಯ ಬಾಗಿಲಿಗೆ ಬಂದ.

“ಹುಡುಗಿ ಸಾಲಿ ಒಲ್ಲೆ ಅಂತಾಳ್ರೀ, ಬಾಯಾರ. ಕುರಿ ಸಂಗಟ ಬರ್ತೇನಿ ಅಂತಾಳ. ಪರೀಕ್ಷಾ ಮುಗದ್ರ ಬಿಡಸ್ತೇನ್ರೀ.”

“ಯಾಕಂತ?”

“ನಮ್ಮ ಕಂಬಳಿ ಸುಳ್ಳಂತ್ರಿ. ಬಾಯಾರೇ ಹೇಳ್ಯಾರಂತ.”

ಆತ ಕೋಪದಿಂದ ಹೇಳಲಿಲ್ಲ, ಊರಿನ ಸಮಾಚಾರ ತಿಳಿಸಿದಂತೆ ಹೇಳಿದ. ಮೂವತ್ತನಾಲ್ಕು ವರ್ಷ ಏಳು ತಿಂಗಳ ಸೇವೆಯಲ್ಲಿ ಅಷ್ಟು ನೇರವಾದ ಏಟು ಅವರಿಗೆ ಬಿದ್ದಿರಲಿಲ್ಲ. ಸುಮ್ಮನೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಆದರೆ ನಿಜವೋ ಸುಳ್ಳೋ ತಿಳಿಯದ ಮಾತಿನಿಂದ ಸಮಾಧಾನ ಹೇಳುವುದು ಅವರ ಜಾಯಮಾನವಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಪೆಟ್ಟಿಗೆಯಿಂದ ಉಷ್ಣಮಾಪಕ, ಒಂದೇ ಅಳತೆಯ ಎರಡು ಸ್ಟೀಲ್ ಬಾಟಲಿ, ಒಂದು ಹತ್ತಿಯ ಟವೆಲ್ಲು ಚೀಲಕ್ಕೆ ಹಾಕಿಕೊಂಡು ಹೊರಟರು.

ಸಹಶಿಕ್ಷಕಿ ಖತೀಜಾ ಬೇಗಂ ಗೇಟಿನಲ್ಲಿ ತಡೆದರು. “ಅರೆ, ಈ ಧೂಪ್‌ನಾಗ, ಇಂಥಾ ಬಿಸಲಾಗ ಎಲ್ಲಿಗ್ರೀ? ತಲಿ ಠಿಕಾಣಿ ಮ್ಯಾಲ ಅದನೋ ಇಲ್ಲೋ?”

“ಅದನ್ನೇ ನೋಡ್ಕೊಂಡ ಬರ್ಲಿಕ್ಕಿ ಹೊಂಟೇನ್ರೀ.”

ಹಿಂಡು ತೊಗರಿ ಕಿತ್ತ ಬಯಲು ಹೊಲದಲ್ಲಿತ್ತು. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಹುದುಗಿಸಿ ನಿಂತಿದ್ದವು. ದೂರದ ಜಾಲಿಗಿಡದ ಬುಡದಲ್ಲಿ ಮರಿಯೊಂದನ್ನು ತಬ್ಬಿ ಕುಳಿತಿದ್ದ ಭಾಗ್ಯವಂತಿ ಇವರನ್ನು ಕಂಡು ಮುಖ ಆಚೆ ತಿರುಗಿಸಿದಳು.

ಒಂದೇ ಕೊಡದ ನೀರನ್ನು ಎರಡು ಬಾಟಲಿಗೆ ತುಂಬಿದರು. ಇಪ್ಪತ್ತೊಂಬತ್ತು ಡಿಗ್ರಿ. ಒಂದಕ್ಕೆ ಟವೆಲ್ಲು, ಇನ್ನೊಂದಕ್ಕೆ ಮಾಳಪ್ಪ ಕೊಟ್ಟ ಹಳೆಯ ಕಂಬಳಿಯ ತುಂಡು ಸುತ್ತಿ, ಬಿಸಿಲಲ್ಲಿ ಅಕ್ಕಪಕ್ಕ ನಿಲ್ಲಿಸಿ ಗಡಿಯಾರ ನೋಡಿದರು. ಒಂದು ಗಂಟೆ ಹತ್ತು ನಿಮಿಷ.

ಮಾಳಪ್ಪ ಕುತೂಹಲದಿಂದ ಬಗ್ಗಿ ನೋಡಿದ. “ನೀರಿಗಿ ಜ್ವರ ಬಂದಾದೇನ್ರೀ, ಬಾಯಾರ?”

“ನನಗ ಬಂದಾದ, ಮಾಳಪ್ಪಾ. ಔಷಧ ನಿನ್ನ ಹತ್ರ ಅದನೋ ಏನೋ ನೋಡ್ಬೇಕು.”

“ಹಂಗಾದ್ರ ಒಳಗ ಕೂಡ್ರಿ” ಎಂದು ಆತ ನಾಲ್ಕು ಕೋಲು ನೆಟ್ಟು, ಮೇಲೆ ತನ್ನ ಕರಿ ಕಂಬಳಿ ಹರವಿ ಕೊಟ್ಟ.

ಒಳಗೆ ಕುಳಿತ ಕೂಡಲೇ ಮಧ್ಯಾಹ್ನ ನಿಂತುಹೋಯಿತು. ಬೆನ್ನಿನ ಮೇಲೆ ಕೂತಿದ್ದ ಬಿಸಿಲು ಎದ್ದು ಹೊರಗೆ ಹೋದಂತಾಯಿತು. ಕುರಿಹಾಲಿನ, ಹೊಗೆಯ, ಕಂಬಳಿಯ ಗಂಜಿಗೆ ಹಾಕಿದ ಹುಣಸೆಬೀಜದ ವಾಸನೆ. ತಲೆ ಎತ್ತಿದರೆ ಕರಿಯ ನೇಯ್ಗೆಯ ಸಂದುಗಳಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ನಿಂತಿತ್ತು. ಗಾಳಿ ಬೀಸಿದಾಗ ಆ ಚುಕ್ಕೆಗಳೆಲ್ಲ ಒಮ್ಮೆಲೇ ಸರಿದು, ಅವರ ಕೈಮೇಲೆ, ಮಡಿಲಿನ ಮೇಲೆ ತೇಲಿ ಹೋಗುತ್ತಿದ್ದವು. ಅವರಿಗೆ ಜೊಂಪು ಹತ್ತಿತು. ಗುಲಾಬಿ ಕೆನ್ನೆಯ ಆ ಚಿತ್ರಪಟದ ಮಗು ಹೊಲ ದಾಟಿ ಬಂದು, ಬೆವರುತ್ತ, ಸ್ವೆಟರ್ ಕಳಚಿ ನೆಲಕ್ಕಿಟ್ಟು, “ನನಗೂ ಒಳಗ ಜಾಗಾ ಕೊಡ್ರೀ” ಎಂದು ಕೇಳಿದಂತಾಯಿತು. ಮೆಹಕರದ ಮಕ್ಕಳು, ಭಾಲ್ಕಿಯ ಮಕ್ಕಳು, ಈಗ ಮಕ್ಕಳ ತಾಯಂದಿರಾದವರು, ಎಲ್ಲರೂ ಸರದಿಯಲ್ಲಿ ನಿಂತು ಒಬ್ಬೊಬ್ಬರಾಗಿ ಒಳಗೆ ಬಂದರು. ಎಷ್ಟು ಜನ ಬಂದರೂ ಜಾಗ ಮುಗಿಯಲಿಲ್ಲ.

ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಎರಡು ಗಂಟೆ ನಲವತ್ತು ನಿಮಿಷ. ಟವೆಲ್ಲಿನ ನೀರು ಮೂವತ್ತೊಂಬತ್ತು ಡಿಗ್ರಿ. ಕಂಬಳಿಯ ನೀರು ಮೂವತ್ತಮೂರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಮೂವತ್ತಮೂರೇ.

ಉಣ್ಣೆಗೆ ತಾನಾಗಿ ಬಿಸಿ ಇರುವುದಿಲ್ಲ. ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಬಿಡದೆ ತಡೆಯುವುದಷ್ಟೇ ಅದರ ಕೆಲಸ. ಇದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಿಳಿದೂ ಪಟ ಹೇಳಿದಂತೆ ಹೇಳಿಕೊಂಡು ಬಂದಿದ್ದರು. ಅದೇ ಅವರನ್ನು ಹೆಚ್ಚು ಕುಟುಕಿತು.

ಮರುದಿನ ಮಾಳಪ್ಪನ ಕಂಬಳಿಯನ್ನೇ ಕೇಳಿ ತಂದು ತರಗತಿಯ ಎದುರು ನಿಂತರು.

“ಆವತ್ತು ಭಾಗ್ಯವಂತಿ ಹೇಳಿದ್ದು ಖರೇ ಇತ್ತು. ನಾನು ತಪ್ಪು ಹೇಳ್ದೆ, ಮ್ಯಾಲ ನಕ್ಕೆ. ಎರಡೂ ನನ್ನದೇ ತಪ್ಪು” ಎಂದು ಬಾಟಲಿಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದರು.

ಮಕ್ಕಳು ಬಾಯಿ ತೆರೆದು ನೋಡಿದರು. ಭಾಗ್ಯವಂತಿ ಮಾತ್ರ ತಲೆ ಎತ್ತಲಿಲ್ಲ. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಮಗು ಮಾತಾಡಬೇಕೆಂದು ಯಾವ ನಿಯಮವೂ ಇಲ್ಲ. ಆದರೂ ಪಾಠ ಮುಗಿಸಬೇಕಲ್ಲ. “ಕುರಿ ಕಾಯೋರು ಬಿಸಲಾಗ ಇದನ್ನ ಹೀಂಗ ಹೊದ್ಕೋತಾರ” ಎನ್ನುತ್ತ ಕಂಬಳಿಯನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡರು.

ಮೂಲೆಯಲ್ಲಿ ಕಾಲಿನ ಸಪ್ಪಳವಾಯಿತು.

“ಹಂಗಲ್ರೀ!”

ಭಾಗ್ಯವಂತಿ ಎದ್ದಿದ್ದಳು. ತಡೆಯಲಾಗದ ಅಸಹನೆ ಅವಳ ಮುಖದಲ್ಲಿತ್ತು. “ಅದೇನು ಶಾಲ್ ಏನ್ರೀ, ಮದಿವಿಗಿ ಹೊದ್ಕೊಂಡ ಹೋಗ್ಲಿಕ್ಕಿ? ತಲಿ ಮ್ಯಾಲ ಕೊಪ್ಪಿ ಮಾಡ್ಬೇಕ್ರೀ. ಬಗ್ರೀ, ನನಗ ನಿಲಕವಲ್ದು.”

ಬಾಯಿಯವರು ಮೊಣಕಾಲೂರಿದರು. ಎರಡು ಸಣ್ಣ ಕೈಗಳು ಕಂಬಳಿಯ ಮೂಲೆಯನ್ನು ಮಡಚಿ, ಟೋಪಿಯಂತೆ ಮಾಡಿ ತಲೆಗೆ ಏರಿಸಿದವು. ಅದು ಕಣ್ಣಿನವರೆಗೆ ಇಳಿಯಿತು. ತರಗತಿ ಕಾಣದಾಯಿತು. ಆ ನಸುಗತ್ತಲಲ್ಲಿ ದನಿ ಮಾತ್ರ ಕೇಳುತ್ತಿತ್ತು.

“ಮುಂದ ಬಿಗಿಬಾರ್ದ್ರೀ, ಗಾಳಿ ಆಡ್ಬೇಕು. ಏ ಫೈಜಲ, ನಗಬ್ಯಾಡೋ, ನೀ ಕುರಿ ಆಗು. ಹಾಂ, ಅಲ್ಲೇ ನಿಲ್ಲು.”

“ಬ್ಯಾ…” ಎಂದ ಫೈಜಲ, ವಿಧಿಯಿಲ್ಲದೆ.

ಹನ್ನೊಂದೂವರೆಯ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

“ಸಾಲಿ ಬಿಡ್ತಲ್ಲವಾ, ಭಾಗ್ಯವಂತಿ” ಎಂದರು ಕಂಬಳಿಯೊಳಗಿಂದ ಇವಾಂಜಲಿನಬಾಯಿ.

“ತಡೀರಿ, ಬಾಯಾರ. ಇನ್ನಾ ಮಳಿಗಾಲದ್ದು ಉಳದಾದ.”