ಹಿಡಿದ ಕೈ ಬಿಟ್ಟ ಮೇಲೆ

ಮೊನ್ನೆ ಮಂಗಳವಾರ ಬೆಳಿಗ್ಗೆ ಎಲ್ಲ ದಿನದಂತೆಯೇ ಇತ್ತು. ಯಜಮಾನರು ಸೈಕಲ್ ಹತ್ತಿ ಕಚೇರಿಗೆ ಹೋದರು. ನಾನು ಹಾಲು ಕಾಯಿಸಿಟ್ಟು ಬೇಳೆ ಆರಿಸಲು ಕೂತೆ. ಮನೆಗೆಲಸಕ್ಕೆ ಬರುವ ಗಂಗವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

(ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಸೂತಿ ಕಲಿಸಿದರು, ಪಿಯಾನೋ ಕಲಿಸಿದರು. ಕೊಪ್ಪಳದಲ್ಲಿ ಸಂಸಾರ ಮಾಡುವುದನ್ನು ಕಲಿಸಲಿಲ್ಲ. ಈ ದೂರನ್ನು ನೀವು ಈ ಅಂಕಣದಲ್ಲಿ ಎಷ್ಟೋ ವಾರ ಓದಿದ್ದೀರಿ.)

ಅಂದು ರೊಟ್ಟಿಯ ಸದ್ದು ಬೇರೆಯಾಗಿತ್ತು. ಎರಡು ಕೈಯ ಸದ್ದಲ್ಲ, ಒಂದೇ ಕೈಯದು. ತಿರುಗಿ ನೋಡಿದೆ. ಎಡಗೈಯಲ್ಲಿ ಐದು ಹಸಿರು ಬಳೆ. ಬಲಗೈ ಬೋಳು, ಮೊಣಕೈ ಊದಿತ್ತು.

“ಬಳಿ ಏನಾದ್ವು ಗಂಗವ್ವ?”

“ಹೆಚ್ಚಿದ್ವರಿ ಅಕ್ಕಾರ.”

ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಎಷ್ಟು ಮರ್ಯಾದೆಯ ಮಾತು! ಆದರೆ ಒಂದೇ ಕೈಯವು ಎಲ್ಲ ಒಟ್ಟಿಗೆ ಹೇಗೆ ಹೆಚ್ಚುತ್ತವೆ?

ಗಂಗವ್ವನ ಗಂಡ ಮಾನಪ್ಪ ಕಿನ್ನಾಳದವನು. ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಮರದ ಗೊಂಬೆ ಮಾಡುತ್ತಾನೆ. ಅವನು ಮಾಡಿದ ಗಿಳಿಯೊಂದು ನಮ್ಮ ಪಡಸಾಲೆಯಲ್ಲಿದೆ. ಅದರ ಕಣ್ಣಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಅಂಥ ಗೆರೆ ಎಳೆಯುವ ಕೈ ಎಷ್ಟು ಸಮಾಧಾನದ್ದಿರಬೇಕು ಎಂದು ಬಂದವರಿಗೆಲ್ಲ ತೋರಿಸಿ ಹೊಗಳಿದ್ದೇನೆ.

ಆ ಕೈಯ ಒಡೆಯನೇ ಹಿತ್ತಲಿನಿಂದ ದಡದಡ ಒಳಗೆ ಬಂದ.

“ಹುಣಸಿಬೀಜದ ಅಂಟು ಒಲಿ ಮ್ಯಾಲ ಇಟ್ಟು ಇಲ್ಲಿ ಬಂದು ಕುಂತೀಯೇನ? ತಳ ಹತ್ತಿ ಕರ್ರಗ ಆಗೈತಿ! ಗೊಂಬಿಗೆ ಏನ್ ನಿಮ್ಮಪ್ಪ ಹಚ್ಚತಾನ?”

ಅಷ್ಟು ಹೇಳಿ ಅವಳ ತುರುಬಿಗೆ ಕೈ ಹಾಕಿದ. ಬಿಡು ಎಂದೆ.

“ನೀವು ಸುಮ್ಕಿರ್ರಿ ಅಕ್ಕಾರ. ಇದು ನಮ್ಮ ಮನಿ ಮಾತು.”

ಬಹುವಚನ ಬಿಡದೆಯೇ ಹೇಳಿದ. ನಿಂತದ್ದು ಮಾತ್ರ ನನ್ನ ಅಡುಗೆಮನೆಯಲ್ಲಿ.

ಈಗ ನೀವು ನಂಬದ ಮಾತೊಂದು ಹೇಳುತ್ತೇನೆ. ನನಗೆ ಜಿಯು ಜಿತ್ಸು ಎಂಬ ಕುಸ್ತಿ ಬರುತ್ತದೆ. ಪೂರ್ತಿ ಅಲ್ಲ, ಮೂರೇ ಪಟ್ಟು. ನಮಗೆ ಡ್ರಿಲ್ ಹೇಳಿಕೊಡುತ್ತಿದ್ದ ಸಿಸ್ಟರ್, ಸನ್ಯಾಸಿನಿಯಾಗುವ ಮುಂಚೆ ಇಂಗ್ಲೆಂಡಿನ ಹೆಂಗಸರ ಕ್ಲಬ್ಬೊಂದರಲ್ಲಿ ಈ ಜಪಾನಿ ವಿದ್ಯೆ ಕಲಿತಿದ್ದರು. (ಯುದ್ಧದ ಈ ದಿನಗಳಲ್ಲಿ ಜಪಾನಿನ ಹೆಸರೆತ್ತುವ ಮುಂಚೆ ಸುತ್ತ ನೋಡಬೇಕು, ಆಗ ಹಾಗಿರಲಿಲ್ಲ.) ಬಲ ಬೇಡ, ಕೀಲು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ ತಿರುಗಿಸಿ ಹಿಡಿ, ಸಾಕು. “ಇದು ಮುರಿಯಲಿಕ್ಕಲ್ಲ, ತಡೆಯಲಿಕ್ಕೆ. ಅವನು ನಿಂತ ಮೇಲೆ ಒಂದು ಬೆರಳಿನಷ್ಟೂ ಮುಂದೆ ಹೋಗಬಾರದು” ಎನ್ನುತ್ತಿದ್ದರು.

ಮದುವೆಯಾಗಿ ಹನ್ನೆರಡು ವರ್ಷವಾದರೂ ಕೈ ಮರೆತಿರಲಿಲ್ಲ. ಅವನ ಬಲ ಮಣಿಕಟ್ಟು ಹಿಡಿದು ತಿರುಚಿದೆ. ಕೂದಲು ಬಿಟ್ಟ. ತೋಳು ನೆಟ್ಟಗಾದದ್ದೇ ಮೊಣಕೈಯ ಹಿಂದೆ ಅಂಗೈ ಇಟ್ಟು ಕೆಳಗೆ ಒತ್ತಿದೆ. ನನಗಿಂತ ಎಷ್ಟೋ ಭಾರದ ಗಂಡಸು ಹಿಟ್ಟಿನ ಪರಾತದ ಪಕ್ಕದಲ್ಲಿ ಬೋರಲು ಬಿದ್ದ. ಭುಜದ ಹಿಂದೆ ಮೊಣಕಾಲೂರಿ ತೋಳನ್ನು ಮೇಲೆತ್ತಿ ಹಿಡಿದೆ.

ಅಲುಗಾಡಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು.

ನಾನು ಆ ಒಂದು ಬೆರಳಿನಷ್ಟು ಮುಂದೆ ಹೋದೆ. ಬೇಕೆಂದೇ.

“ಇನ್ನ ಕೈ ಎತ್ತೂದಿಲ್ಲ ಅನ್ನು” ಎಂದೆ. ಅಂದ. ಮತ್ತೊಮ್ಮೆ ಅನ್ನಿಸಿದೆ. ಮೂರನೆಯ ಸಲಕ್ಕೆ ಬರೀ ನರಳಿದ. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಕಾಣುತ್ತಿತ್ತು. ನನಗೆ ಏನನ್ನಿಸಿತು ಗೊತ್ತೇ? ಸಂತೋಷ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದೇ ಅನ್ನಿಸಿತು.

ನನ್ನ ಸೆರಗು ಹಿಡಿದು ಎಳೆದವಳು ಗಂಗವ್ವ.

“ಬಿಡ್ರಿ ಅಕ್ಕಾರ! ನಿಮ್ಮ ಕಾಲಿಗೆ ಬೀಳ್ತೀನಿ. ಆ ಕೈ ಹ್ವಾದ್ರ ನಾವು ಉಣ್ಣೂದೇನ್ರಿ?”

ಬಿಟ್ಟೆ. ಮಾನಪ್ಪ ಎದ್ದು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿಕೊಂಡ. ನನ್ನ ಮುಖ ನೋಡಲಿಲ್ಲ. ಹೆಂಡತಿಯನ್ನು ನೋಡಿದ. ಹೋದ.

ಗಂಗವ್ವ ತುರುಬು ಕಟ್ಟಿಕೊಂಡು ಉಳಿದ ರೊಟ್ಟಿ ಮುಗಿಸಿದಳು.

“ಮನಿಗೆ ಹೋಗಬ್ಯಾಡ, ಇಲ್ಲೇ ಇರು” ಎಂದೆ.

“ಎಷ್ಟು ದಿನ ಇರ್ಲಿರಿ?”

ಕುಹಕವಲ್ಲ, ನಿಜವಾಗಿಯೇ ಕೇಳಿದಳು. ಎರಡು ದಿನ? ಒಂದು ವಾರ? ಯಜಮಾನರು ಏನೆನ್ನುತ್ತಾರೆ? ಮೂಲೆಯ ಕೋಣೆಯ ತುಂಬ ಜೋಳದ ಚೀಲಗಳಿವೆಯಲ್ಲ? ನಾನು ಯೋಚಿಸುತ್ತಿದ್ದುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಹೊರಟಳು.

ಹೆಣ್ಣುಮಕ್ಕಳಿಗೆ ಈ ಪಟ್ಟುಗಳನ್ನು ಕಲಿಸಬೇಕೇ? ಕಲಿಸಬೇಕು, ಈಗಲೂ ಅದೇ ನನ್ನ ಮಾತು. ದಾರಿಯಲ್ಲಿ ಅಡ್ಡ ಬಂದವನನ್ನು ಕೆಡವಿ ಓಡಿ ಮನೆ ಸೇರಬಹುದು. ಅವನು ಮನೆಯಲ್ಲೇ ಇದ್ದರೆ ಓಡುವುದು ಎಲ್ಲಿಗೆ? ನಾನು ಹಿಡಿದದ್ದು ಐದು ನಿಮಿಷವೂ ಇಲ್ಲ. ಬಿಟ್ಟ ಮೇಲೆ ಏನು ಎಂದು ಸಿಸ್ಟರ್ ಹೇಳಿರಲಿಲ್ಲ. ಹುಡುಗಿಯರಾದ ನಾವೂ ಕೇಳಿರಲಿಲ್ಲ.

ಸಂಜೆ ಪಕ್ಕದ ಮನೆಯ ಶಾಂತಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಸುದ್ದಿ ಆಗಲೇ ಮುಟ್ಟಿತ್ತು.

“ಏನವಾ ತಂಗಿ, ಅಡಗಿಮನ್ಯಾಗ ಗರಡಿ ತಗದೀಯಂತ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮಾನಪ್ಪ ಇನ್ನಾದರೂ ಹೆದರಿಕೊಂಡು ಇರಬಹುದೇ ಎಂದು ಕೇಳಿದೆ.

ಶಾಂತಕ್ಕ ಬಟ್ಟಲಿಗೆ ಸೆರಗು ಮುಚ್ಚಿ ಮೆಟ್ಟಿಲಿಳಿಯುತ್ತ ಹೇಳಿದರು: “ಹೆದರ್ಯಾನ ಬಿಡವಾ. ಇನ್ನ ಮ್ಯಾಲ ಬಾಗಲಕ್ಕ ಅಗಳಿ ಹಾಕ್ಕೊಂಡು ಹೊಡೀತಾನ.”