ಅಸ್ಸಿಯ ಆಚೆಗಿನ ಕಾಲೇಜು

ಜುಲೈ ತಿಂಗಳು ಬಂತೆಂದರೆ ನಮ್ಮ ಕಾಲೇಜಿನ ಆಫೀಸಿನಲ್ಲಿ ಅಂಟಿನ ವಾಸನೆ ತುಂಬಿಕೊಳ್ಳುತ್ತದೆ. ಅರ್ಜಿಯನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬುವ ಕಾಲ ಬಂದರೂ ಅದನ್ನು ಮತ್ತೆ ಕಾಗದಕ್ಕೆ ಇಳಿಸಿ, ಮೂಲೆಯಲ್ಲಿ ಫೋಟೊ ಅಂಟಿಸಿ ತರಬೇಕೆಂಬ ನಿಯಮ ಮಾತ್ರ ಹೋಗಿಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯರು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ನಾನು ಇಲ್ಲಿ ಜೀವಶಾಸ್ತ್ರ ಕಲಿಸುವವಳು. ಪ್ರವೇಶದ ವಾರ ಮಾತ್ರ ಮೇಜಿನ ಹಿಂದೆ ಕೂತು ಒಬ್ಬೊಬ್ಬಳನ್ನೂ "ಸೈನ್ಸ್ ಸೈಡಾ, ಆರ್ಟ್ ಸೈಡಾ?" ಎಂದು ಕೇಳುವುದು ನನ್ನ ಪಾಲಿನ ಕೆಲಸ. ಹತ್ತರಲ್ಲಿ ಎಂಟು ಸಲ ಉತ್ತರ ಹುಡುಗಿಯ ಬಾಯಿಂದ ಬರುವುದಿಲ್ಲ, ಪಕ್ಕದಲ್ಲಿ ನಿಂತವರ ಬಾಯಿಂದ ಬರುತ್ತದೆ. ಆಗ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಬೆನ್ನಿಗೇ ಆ ಅಂಟಿನ ವಾಸನೆ ಮೂಗಿಗೆ ಬಡಿದು ತುಂಗಜ್ಜಿ ನೆನಪಾಗುತ್ತಾರೆ, ಸಿಟ್ಟು ಎಲ್ಲಿಗೋ ಹೋಗುತ್ತದೆ.

ನಮ್ಮ ಮನೆ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿತ್ತು. ಈಗಲೂ ಗೋಡೆಗಳು ಅಲ್ಲೇ ಇವೆ, ಒಳಗೆ ಮಾತ್ರ ವಿದೇಶಿ ಪ್ರವಾಸಿಗರು ಇಳಿದುಕೊಳ್ಳುವ ಗೆಸ್ಟ್ ಹೌಸು. ನಾವು ಉದ್ದಿನ ಸಂಡಿಗೆ ಒಣಹಾಕಿ, ಮಂಗಗಳಿಗೆ ಹೆದರಿ ಕೋಲು ಹಿಡಿದು ಕೂರುತ್ತಿದ್ದ ಮಹಡಿಯ ಮೇಲೆ ಈಗ ಕಾಫಿ ಮಾರುತ್ತಾರೆ. ನನ್ನ ಕಾಲದಲ್ಲಿ ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಊರ ಕಡೆಯಿಂದ ಬರುವ ಯಾತ್ರಿಕರ ಚಪ್ಪಲಿ, ಗಂಟುಮೂಟೆ, ಹೆಸರು ಕೂಗುವ ಗಲಾಟೆ. ನಡುವಿನ ಅಂತಸ್ತಿನಲ್ಲಿ ಅಪ್ಪ ಮತ್ತು ನಾನು. ಅಪ್ಪ ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ, ತೀರ್ಥವಿಧಿ ಮಾಡಿಸುವ ಪುರೋಹಿತರು. ಅಮ್ಮ ನನಗೆ ಆರು ವರ್ಷವಿದ್ದಾಗಲೇ ತೀರಿಕೊಂಡಿದ್ದಳು. ಮೇಲಿನ ಅಂತಸ್ತಿನ ಕೋಣೆಗಳಲ್ಲಿ ಮೂವರು ಮುದುಕಿಯರು ಕಾಶೀವಾಸಕ್ಕೆಂದು ಬಂದು ಇದ್ದರು. ಕಾಶಿಯಲ್ಲಿ ಸತ್ತರೆ ಮುಕ್ತಿ ಎಂದು ನಂಬಿ, ಸಾಯಲಿಕ್ಕೆಂದೇ ಬಂದವರು. ಸಾಯಲು ಬಂದವರ ಮನೆ ಎಂದರೆ ಮಂಕು ಕವಿದಿರಬೇಕು ಎಂದು ನೀವು ಅಂದುಕೊಂಡರೆ, ಆ ಮೂವರು ಬೆಳಗಿನ ನೀರಿನ ಸರದಿಗಾಗಿ ಆಡುತ್ತಿದ್ದ ಜಗಳ ನೀವು ಕೇಳಿಲ್ಲ.

ಮೂವರಲ್ಲಿ ತುಂಗಜ್ಜಿ ನನ್ನವರು. ಬಾಗಲಕೋಟೆ ಕಡೆಯವರು, ತೆಳ್ಳಗೆ, ಕಡ್ಡಿ ಮುರಿದ ಹಾಗೆ ಮಾತು. ರಕ್ತಸಂಬಂಧ ಏನೂ ಇರಲಿಲ್ಲ. ಆದರೆ ನನ್ನ ತಲೆ ಬಾಚಿ ಹೇನು ತೆಗೆದದ್ದು, ಮನೆಯಲ್ಲಿ ಹಿಂದಿ ಆಡಿದರೆ ಕೈಮೇಲೆ ಚಿವುಟಿ ಕನ್ನಡ ಆಡಿಸಿದ್ದು, ಮೊದಲ ಸಲ ಹೊರಗಾದಾಗ ಪಕ್ಕದಲ್ಲಿ ಕೂತು ಹೆದರಬೇಡ ಅಂದದ್ದು ಅವರೇ. ಹದಿನಾಲ್ಕು ವರ್ಷದಿಂದ ಕಾಶಿಯಲ್ಲಿದ್ದರೂ ಅವರ ಹಿಂದಿ ತರಕಾರಿ ಗಾಡಿಯಿಂದ ಮುಂದೆ ಹೋಗಿರಲಿಲ್ಲ. ಗಲ್ಲಿಯ ಕಚೋರಿ ಮಡಿಗೆ ಬರುವುದಿಲ್ಲವೆಂದು ಮುಟ್ಟುತ್ತಿರಲಿಲ್ಲ, ನಾನು ತಿಂದು ಬಂದರೆ ಮಾತ್ರ ಇವತ್ತು ಖಾರ ಎಷ್ಟಿತ್ತು, ಒಳಗೆ ಏನು ತುಂಬಿದ್ದ ಎಂದು ಕೂಡಿಸಿಕೊಂಡು ಕೇಳುತ್ತಿದ್ದರು. ಬಂದ ವರ್ಷವೇ ಕೇದಾರ ಘಾಟಿನಲ್ಲಿ ಕೈಯಲ್ಲಿ ಗಂಗೆಯ ನೀರು ಹಿಡಿದು ಕ್ಷೇತ್ರಸಂನ್ಯಾಸದ ಸಂಕಲ್ಪ ಮಾಡಿದ್ದರು. ಉತ್ತರಕ್ಕೆ ವರುಣಾ ನದಿ, ದಕ್ಷಿಣಕ್ಕೆ ಅಸ್ಸಿ. ಜೀವ ಇರುವ ತನಕ ಈ ಎರಡರ ನಡುವಿನ ನೆಲ ಬಿಟ್ಟು ಕದಲುವುದಿಲ್ಲ ಎಂಬ ವ್ರತ. ಮಂತ್ರ ಹೇಳಿಸಿದವರು ನಮ್ಮ ಅಪ್ಪನೇ.

ಊರಲ್ಲಿ ಮಗ ವಾಮನರಾಯರು ಇದ್ದರು. ಕೆಟ್ಟವರಲ್ಲ, ಸೊಸೆಯೂ ಕೆಟ್ಟವಳಲ್ಲ. ಎರಡು ವರ್ಷಕ್ಕೊಮ್ಮೆ ಬಂದು, "ನಡೀ ಅವ್ವಾ, ಸಾಕಿನ್ನ" ಎಂದು ಕರೆಯುತ್ತಿದ್ದರು. ತುಂಗಜ್ಜಿ ಸಂಕಲ್ಪದ ನೀರು ಹಿಡಿದಿದ್ದ ಕೈಯನ್ನು ತೋರಿಸುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ನಾನು ಕೇಳಿದ್ದೆ. "ಅಲ್ಲೆ ಹೋದ್ರ ನಾ ಅವರವ್ವ, ಇವರ ಅತ್ತಿ, ಯಾರದೋ ಅಜ್ಜಿ. ಇಲ್ಲೆ ನಾ ಬರೇ ತುಂಗಾ. ಹಿಂಗ ಇದ್ದು ಹಿಂಗ ಹೋಗಬೇಕವಾ" ಎಂದಿದ್ದರು. ನನಗಾಗ ಅದು ಅರ್ಥವಾಗಲಿಲ್ಲ, ಆದರೆ ಚೆನ್ನಾಗಿ ನೆನಪಿದೆ.

ನಾನು ಹತ್ತನೆಯ ತರಗತಿ ಪಾಸಾದ ವರ್ಷ ಅಪ್ಪ ಯಾವ ಚರ್ಚೆಯನ್ನೂ ಮಾಡದೆ ಹತ್ತಿರದ ಗಲ್ಲಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆರ್ಟ್ಸ್ ಸೀಟು ಗೊತ್ತುಮಾಡಿಬಿಟ್ಟಿದ್ದರು. ಸಂಸ್ಕೃತ, ಹಿಂದಿ, ಗೃಹವಿಜ್ಞಾನ. ಪುರೋಹಿತರ ಮಗಳು, ಸಂಸ್ಕೃತದಲ್ಲಿ ಅಂಕ ತಾನಾಗಿಯೇ ಬರುತ್ತದೆ ಎಂಬ ಲೆಕ್ಕಾಚಾರ. ನನಗೆ ಸೈನ್ಸ್ ಬೇಕಿತ್ತು. ಯಾಕೆಂದು ಕೇಳಿದ್ದರೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಮೈಯೊಳಗೆ ಏನಿದೆ ಎಂದು ನೋಡುವ ಆಸೆ ಅಷ್ಟೇ. ಸೈನ್ಸ್ ಇದ್ದ ಕಾಲೇಜು ಅಸ್ಸಿಯ ಆಚೆ. ನಾನು ಹಟ ಹಿಡಿದು ಅಲ್ಲಿಗೂ ಅರ್ಜಿ ಹಾಕಿದೆ. ಹೆಸರು ಬರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಅಪ್ಪ "ಬಂದ್ರ ನೋಡೋಣು" ಅಂದರು. ಅವರು ಯಾತ್ರಿಕರನ್ನು ಕರೆದುಕೊಂಡು ಗಯೆಗೆ ಹೋದ ಮರುದಿನವೇ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನಾಳೆ ಮಧ್ಯಾಹ್ನದೊಳಗೆ ಬರಬೇಕು, ರಾಶನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ದೊಡ್ಡವರೊಬ್ಬರು ಎದುರಿಗೆ ನಿಂತು ಸಹಿ ಮಾಡಬೇಕು, ಇಲ್ಲದಿದ್ದರೆ ಸೀಟು ಮುಂದಿನವಳಿಗೆ. ಅಪ್ಪನಿಗೆ ಫೋನ್ ಮಾಡಿದೆ. "ಬಿಡವಾ, ಆರ್ಟ್ಸ್ ಸೀಟ್ ಅದಲ್ಲ. ಇಲ್ಲೆ ಪಿಂಡಪ್ರದಾನ ನಡದದ, ನಾ ಹ್ಯಾಂಗ ಬರ್ಲಿ" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ, ನಿರಾಳವಿತ್ತು. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ.

ತುಂಗಜ್ಜಿ ಮೇಲಿನ ಮೆಟ್ಟಿಲಲ್ಲಿ ಹೂಬತ್ತಿ ಹೊಸೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಮ್ಮ ರಾಶನ್ ಕಾರ್ಡಿನಲ್ಲಿ ಅಪ್ಪನನ್ನು ಬಿಟ್ಟರೆ ದೊಡ್ಡವರೆಂದು ಇದ್ದದ್ದು ಅವರ ಹೆಸರೊಂದೇ, ಸೀಮೆಎಣ್ಣೆಗೆ ಅನುಕೂಲವೆಂದು ಎಂದೋ ಸೇರಿಸಿದ್ದು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಅದು.

"ಆ ಸಾಲಿ ಅಸ್ಸಿ ಆಚೆ ಅದ ಏನು?" ಎಂದು ಅವರೇ ಕೇಳಿದರು.

"ಹೂಂ ಅಜ್ಜಿ. ದಾಟಿದ ಕೂಡಲೆ."

"ಎಷ್ಟ ಹೊತ್ತಿನ ಕೆಲಸ?"

"ಒಂದು ತಾಸು."

ಇನ್ನೂ ನಾಲ್ಕು ಬತ್ತಿ ಹೊಸೆದರು. ಆ ವರ್ಷ ಅವರ ಎದೆಯ ಬಡಿತ ತಪ್ಪುತ್ತಿತ್ತು, ಎರಡು ಮೆಟ್ಟಿಲು ಹತ್ತಿದರೆ ನಿಲ್ಲಬೇಕಾಗುತ್ತಿತ್ತು. ವೈದ್ಯರು ಹೊರಗೆ ಓಡಾಡಬೇಡಿ ಅಂದಿದ್ದರು. "ಒಂದ ತಾಸಿನ್ಯಾಗ ಯಮಧರ್ಮ ಏನ ನನ್ನ ದಾರಿ ಕಾಯ್ಕೋತ ಕೂತಿರಂಗಿಲ್ಲ. ಮುಂಜಾನೆ ಲಗೂನ ಏಳು" ಎಂದು ಹೇಳಿ ಎದ್ದು ಹೋದರು.

ಮರುದಿನ ಸೋನಾರ್‌ಪುರಾ ರಸ್ತೆಯ ತನಕ ಅವರನ್ನು ಕೈಹಿಡಿದು ನಡೆಸಿ, ಸೈಕಲ್ ರಿಕ್ಷಾ ಹತ್ತಿಸಿದೆ. ಅವರ ಮಡಿಲಲ್ಲಿ ತುಳಸಿ ಹಾಕಿದ ಗಂಗೆಯ ಗಿಂಡಿ ಇತ್ತು. "ಅಲ್ಲೇನರ ಉಸಿರು ಎಳೀಲಿಕ್ಕೆ ಹತ್ತಿದ್ರ ಇದನ್ನ ಬಾಯಾಗ ಬಿಡು. ಬಿಟ್ಟು ಅಳಕೋತ ನಿಂದ್ರಬ್ಯಾಡ. ಪ್ರಾಣ ಹೋಗೂದ್ರಾಗ ನನ್ನ ಈ ಕಡೆ ತಂದುಬಿಡು" ಎಂದರು. ನನಗೆ ನಗು ಬಂತು. ಹದಿನೈದು ವರ್ಷದವಳಿಗೆ ಅದು ತಮಾಷೆಯಾಗಿಯೇ ಕೇಳಿಸಿತು, ಅದಕ್ಕೆ ಇವತ್ತು ನನಗೆ ನಾಚಿಕೆಯಿದೆ. ಭದೈನಿ ಬಡಾವಣೆ ಕಳೆದ ಮೇಲೆ ಅವರು ಎರಡೂ ಕಡೆ ಕತ್ತು ಹೊರಳಿಸಿ ನೋಡತೊಡಗಿದರು. ನದಿ ಎಲ್ಲಿ, ನದಿ ಎಲ್ಲಿ ಎಂದು ಕೇಳಿದರು. ನಾನು ಕೈ ತೋರಿಸಿದೆ. ಕಪ್ಪು ನೀರು, ಪ್ಲಾಸ್ಟಿಕ್ಕು, ಕೆಸರಿನಲ್ಲಿ ಮಲಗಿದ ಎರಡು ಎಮ್ಮೆ. ಅವರು ನಂಬಲಿಲ್ಲ, ರಿಕ್ಷಾದವನ ಬೆನ್ನು ತಟ್ಟಿ "ಅಸ್ಸಿ? ಅಸ್ಸಿ ನದಿ?" ಎಂದು ಕೇಳಿದರು. ಅವನು ತಿರುಗದೆಯೇ, "ಈ ತ ನಾಲಾ ಹೌ, ಮಾಈ" ಎಂದ. ಇದು ಚರಂಡಿ ತಾಯಿ ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ನಾವು ದಾಟಿಯಾಗಿತ್ತು. ತುಂಗಜ್ಜಿ ಕಣ್ಣು ಮುಚ್ಚಿಕೊಂಡರು. ಕಾಲೇಜಿನ ಗೇಟು ಬರುವ ತನಕ ತೆರೆಯಲಿಲ್ಲ.

ಆಫೀಸಿನ ಗುಮಾಸ್ತ ನನ್ನ ಫೋಟೊಕ್ಕೆ ಅಂಟು ಸವರುತ್ತಾ ಇವರು ಯಾರು ಎಂದ. ಏಕಾದಶಿಯ ದಿನ ಸುಳ್ಳು ಬಂದೀತೆಂದು ಮಾತನ್ನೇ ಅಳೆದು ಆಡುತ್ತಿದ್ದ ತುಂಗಜ್ಜಿ, ನಾನು ಬಾಯಿ ತೆರೆಯುವ ಮೊದಲೇ, ಹಿಂದಿಯಲ್ಲಿ "ದಾದಿ", ಅಂದರೆ ಅಪ್ಪನ ಅಮ್ಮ, ಅಂದುಬಿಟ್ಟರು. ಅವನು ನನ್ನತ್ತ ತಿರುಗಿ "ಮ್ಯಾಥ್ ಕಿ ಬಾಯೊ?", ಮ್ಯಾಥ್ಸೋ ಬಯೋನೋ, ಎಂದ. ಅಷ್ಟು ಹಟ ಮಾಡಿ ಬಂದವಳು ಆ ಕ್ಷಣ ಅಜ್ಜಿಯ ಮುಖ ನೋಡಿದೆ. ಮ್ಯಾಥ್ಸ್ ತೆಗೆದುಕೊಂಡರೆ ಮುಂದೆ ಬೇಗ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದು, ಬಯೋ ಎಂದರೆ ವರ್ಷಗಟ್ಟಲೆ ಓದಬೇಕೆಂದು ಇನ್ಯಾರೋ ಹೇಳಿದ್ದು, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಎರಡಕ್ಕೂ ಏನು ಫರಕು ಎಂದು ಅಜ್ಜಿ ಕೇಳಿದರು. ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ಕಪ್ಪೆ ಕೊಯ್ದು ಹೃದಯ ಹೇಗೆ ಬಡಿದುಕೊಳ್ಳುತ್ತದೆ ಎಂದು ನೋಡುತ್ತಾರೆ ಎಂದೆ. ಅವರು ಮುಖ ಕಿವುಚಿದರು. ಆಮೇಲೆ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಅದನ್ನ ತೊಗೋ. ಕಲತ ಮ್ಯಾಲ ನಂದೂ ಒಂಚೂರು ನೋಡು" ಎಂದರು. ನಾನು ಬಯೋ ಎಂದೆ. ಅವರು ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಮನೆಗೆ ಬಂದವರೇ ಉಟ್ಟ ಸೀರೆಯಲ್ಲೇ ಗಂಗೆಗೆ ಇಳಿದು ಮುಳುಗಿ ಎದ್ದರು. ಗಯೆಯಿಂದ ಬಂದ ಅಪ್ಪ ಅಜ್ಜಿಯ ಸಮಾಧಾನಕ್ಕೆಂದು, ಕಾಶಿಯನ್ನು ಸುತ್ತುವ ಪಂಚಕ್ರೋಶಿ ಯಾತ್ರೆಯ ಎಲ್ಲೆ ಹಿಡಿದರೆ ಅದೂ ಕಾಶಿಯೊಳಗೇ ಬರುತ್ತದೆ ಎಂದು ಶಾಸ್ತ್ರ ತೆಗೆದರು. ತುಂಗಜ್ಜಿ ಒಪ್ಪಲಿಲ್ಲ. "ನಾ ಹಿಡಿದ ನೀರಾಗ ಅಸ್ಸಿ ಅಂತ ಇತ್ತು. ದಾಟೀನಿ. ದಾಟಿಲ್ಲ ಅಂತ ಯಾಕ ಅನ್ಲಿ?" ಎಂದರು. ಅಂದಿನಿಂದ ಎಲ್ಲ ಮೊದಲಿನಂತೆಯೇ ನಡೆಯಿತು. ಸಂಜೆ ನನ್ನ ಪುಸ್ತಕದ ಚಿತ್ರಗಳನ್ನು ನೋಡಿ, ಹೃದಯಕ್ಕೆ ನಾಲ್ಕು ಕೋಣೆ ಎಂದರೆ ನಮ್ಮ ಮನೆಗಿಂತ ಅದೇ ವಾಸಿ ಎಂದು ನಗುತ್ತಿದ್ದರು. ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಯಾವುವು ಎಂದರೆ ಅವೇ.

ಮುಂದಿನ ವರ್ಷ, ನಾನು ಹನ್ನೆರಡನೆಯ ತರಗತಿಯಲ್ಲಿದ್ದಾಗ, ಚಳಿಗಾಲದಲ್ಲಿ ವಾಮನರಾಯರು ಮಗಳ ಮದುವೆಯ ಅಕ್ಷತೆ ಹಿಡಿದು ಬಂದರು. ತಾಯಿಯನ್ನು ಕರೆದರು, ತಾಯಿ ಎಂದಿನಂತೆ ಕೈ ತೋರಿಸಿದರು. ಮಗ ಎಂದಿನಂತೆ ಕೆಳಗೆ ಬಂದು ಕೂತರು. ನಾನು ಚಹಾ ಕೊಟ್ಟೆ. ಏನು ಓದುತ್ತೀ ಎಂದು ಕೇಳಿದರು, ಸುಮ್ಮನೆ ಮಾತಿಗೆ. ನನಗೆ ಹೆಮ್ಮೆ ಉಕ್ಕಿ ಬಂತು. "ಸೈನ್ಸ್. ಅಜ್ಜಿನೇ ನನ್ನ ಅಡ್ಮಿಷನ್ ಮಾಡಿಸಿದ್ದು. ನನಗಾಗಿ ಅಸ್ಸಿ ದಾಟಿ ಬಂದಿದ್ರು!" ಎಂದೆ. ಅವರು ಲೋಟ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಅವರ ಮುಖದಲ್ಲಿ ಆಸೆ ಕಂಡಿತು, ಮಕ್ಕಳ ಮುಖದಲ್ಲಿ ಕಾಣುವಂಥ ಆಸೆ. ಎದ್ದು ಮೇಲೆ ಹೋದರು. ಅವರ ಮಾತು ಮೆಟ್ಟಿಲ ತನಕ ಕೇಳಿಸಿತು: "ಮಂದಿ ಹುಡುಗಿ ಸಾಲಿಗೆ ದಾಟೀದಿ. ನಿನ್ನ ಮೊಮ್ಮಗಳ ಮದಿವಿಗೆ ದಾಟಂಗಿಲ್ಲೇನವ್ವಾ?" ಮದುವೆ ಯಾವತ್ತು ಎಂದು ತುಂಗಜ್ಜಿ ಕೇಳಿದರು. ದಾಟುವುದಿಲ್ಲ ಎಂಬ, ಹದಿನೈದು ವರ್ಷ ಅವರನ್ನು ಕಾದ ಒಂದೇ ಒಂದು ಮಾತನ್ನು ನಾನು ಚಹಾದ ಜೊತೆ ಎತ್ತಿ ಕೊಟ್ಟುಬಿಟ್ಟಿದ್ದೆ. ಮಗನಿಗೆ ಯಾರು ಹೇಳಿದರು ಎಂದು ಅಪ್ಪ ಕೇಳಿದಾಗ ಅವರು ನನ್ನ ಕಡೆ ನೋಡಲೂ ಇಲ್ಲ. "ನಾನ ಅಂದೆ, ಬಾಯಿ ತಪ್ಪಿ" ಎಂದರು.

ಎಂಟು ದಿನಕ್ಕೆ ಬರುತ್ತೇನೆಂದು ಎರಡು ಸೀರೆ ಮಾತ್ರ ಗಂಟು ಕಟ್ಟಿಕೊಂಡು ಹೋದರು. ಎಂಟು ದಿನ ಮೀರಿ ಹೋಗಿ, ಮದುವೆ ಮುಗಿದ ಹನ್ನೊಂದನೆಯ ದಿನ, ವಾಪಸು ರೈಲಿನ ಟಿಕೆಟ್ಟು ಗೋಡೆಯ ಮೊಳೆಗೆ ಸಿಕ್ಕಿಸಿರುವಾಗಲೇ, ಬಾಗಲಕೋಟೆಯ ಪಡಸಾಲೆಯಲ್ಲಿ ಅವರ ಎದೆ ನಿಂತಿತು.

ವಾಮನರಾಯರು ಅಸ್ಥಿ ತಂದರು. ಕೇದಾರ ಘಾಟಿನ ಮೆಟ್ಟಿಲ ಮೇಲೆ ಅಪ್ಪನೇ ಮಂತ್ರ ಹೇಳಿದರು, ಹೊರಗಿನಿಂದ ಬಂದ ಯಾವ ಯಾತ್ರಿಕರಿಗೂ ಹೇಳುವ ಮಂತ್ರವನ್ನೇ. ಗಂಗೆಗೆ ಅಸ್ಥಿ ಬಿದ್ದರೆ ಮುಕ್ತಿ ಇದ್ದೇ ಇದೆ ಎಂದು ಮಗನಿಗೆ ಧೈರ್ಯ ಕೊಟ್ಟರು. ಮನೆಗೆ ಬಂದ ಮೇಲೆ ನಾನು ಕೇಳಿದೆ, "ಅಪ್ಪಾ, ಅಜ್ಜಿಗೆ ಸಿಗ್ತದಲ್ಲ?" ಸಾವಿರಾರು ಜನರಿಗೆ ತಡವರಿಸದೆ ಉತ್ತರ ಹೇಳಿದ ಅಪ್ಪ ಹೆಗಲ ಮೇಲಿನ ಒದ್ದೆ ಪಂಚೆಯನ್ನು ಹಿಂಡುತ್ತಾ ನಿಂತರು. "ಯಾಕರೆ ಅಜ್ಜಿ ಆ ಮಾತು ಮಗನ ಮುಂದ ಆಡಿದ್ರೋ" ಎಂದರು. ಆಡಿದವಳು ನಾನು ಎಂದು ಅಪ್ಪ ಬದುಕಿರುವ ತನಕವೂ ನಾನು ಹೇಳಲಿಲ್ಲ.